ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ಹುಡುಗರು ತಯಾರಾಗುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ದೊಡ್ಡ ಆಟಗಾರರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಲ್ಲಿಗೆ ಬರುವ ಮುಂಚೆ ಅವರು ಮೂರ್ನಾಲ್ಕು ವರ್ಷ ಎಲ್ಲಿದ್ದರು, ಏನು ಕಲಿತರು, ಏನು ತಿಂದರು ಅಂತ ಕೇಳುವವರು ಕಡಿಮೆ. ಅಮೆರಿಕದಲ್ಲಿರುವ ಕನ್ನಡದವರೂ, ಊರಲ್ಲೇ ಕೂತು ಈ ಆಟ ನೋಡುವವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಮೈನರ್ ಲೀಗ್ ಅಂದರೆ ಏನು?

ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡಕ್ಕೂ ನಾಲ್ಕು ಮೈನರ್ ಲೀಗ್ ತಂಡಗಳು. ಅಲ್ಲಿಗೆ ಒಟ್ಟು 120. ಕೆಳಗಿನಿಂದ ಮೇಲಕ್ಕೆ ಇವನ್ನು ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಅನ್ನುತ್ತಾರೆ. ಇವಕ್ಕೂ ಕೆಳಗೆ ಫ್ಲೋರಿಡಾ, ಅರಿಜೋನಾಗಳಲ್ಲಿ ಕಾಂಪ್ಲೆಕ್ಸ್ ಲೀಗ್‌ಗಳಿವೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಇನ್ನೊಂದು ಬೇಸಿಗೆ ಲೀಗ್ ಇದೆ. ಈ ಕೊನೆಯ ಮೂರಕ್ಕೆ ಟಿಕೆಟ್ಟೂ ಇಲ್ಲ, ಜನವೂ ಇಲ್ಲ. ಅಭ್ಯಾಸದ ಮೈದಾನದಲ್ಲಿ ಬಿಸಿಲಲ್ಲಿ ಆಟ ನಡೆಯುತ್ತದೆ.

ಮೈನರ್ ಲೀಗ್ ತಂಡದ ಮಾಲೀಕರು ಬಹುಪಾಲು ಬೇರೆಯವರು. ಸ್ಟೇಡಿಯಂ, ಟಿಕೆಟ್, ಕಡಲೆಕಾಯಿ ಮಾರಾಟ ಎಲ್ಲ ಅವರದ್ದು. ಆದರೆ ಆಟಗಾರರು, ಕೋಚ್‌ಗಳು, ಅವರ ಸಂಬಳ, ಯಾರು ಎಲ್ಲಿ ಆಡಬೇಕು ಅನ್ನುವ ತೀರ್ಮಾನ ಎಲ್ಲ ಮೇಲಿನ ಮೇಜರ್ ಲೀಗ್ ಕ್ಲಬ್‌ನದ್ದು.

2020ರವರೆಗೆ ಇಂಥ ತಂಡಗಳು ಸುಮಾರು 160 ಇದ್ದವು. 2021ರಲ್ಲಿ ಮೇಜರ್ ಲೀಗ್ ಇಡೀ ವ್ಯವಸ್ಥೆಯನ್ನು ತನ್ನ ಕೈಗೆ ತಗೊಂಡು 120ಕ್ಕೆ ಇಳಿಸಿತು. ಎಷ್ಟೋ ಚಿಕ್ಕ ಊರುಗಳಿಗೆ ದಶಕಗಳಿಂದ ಇದ್ದ ನಂಟು ಕಡಿದುಹೋಯಿತು. ಆ ಊರಿನವರಿಗೆ ಅದು ಇವತ್ತಿಗೂ ಮಾಯದ ಗಾಯ.

ಹಾಗಾದರೆ ಇದು ನಮ್ಮ ರಣಜಿ ಟ್ರೋಫಿ ಥರಾನಾ?

ಅಲ್ಲ. 2013-14, 2014-15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಗೆದ್ದಾಗ ನಾವೆಲ್ಲ ಕುಣಿದಾಡಿದೆವು. ಯಾಕೆಂದರೆ ಆ ಕಪ್‌ಗೆ ಅದರದ್ದೇ ಬೆಲೆ ಇದೆ. ಕರ್ನಾಟಕ ತಂಡ ಭಾರತ ತಂಡದ ಸ್ವತ್ತಲ್ಲ. ಮೈನರ್ ಲೀಗ್ ತಂಡದಲ್ಲಿ ಹಾಗಿಲ್ಲ. ಫೈನಲ್ ನಾಳೆ ಇದ್ದರೂ ಮೇಲಿನ ಕ್ಲಬ್‌ಗೆ ಒಬ್ಬ ಪಿಚರ್ (ಚೆಂಡು ಎಸೆಯುವವನು) ಬೇಕು ಅಂದರೆ ಅವನು ಇವತ್ತು ರಾತ್ರಿಯೇ ವಿಮಾನ ಹತ್ತುತ್ತಾನೆ. ಇಲ್ಲಿ ಕಪ್ ಗೆಲ್ಲುವುದು ಎರಡನೇ ಮಾತು. ಹುಡುಗನನ್ನು ತಯಾರು ಮಾಡುವುದು ಮೊದಲ ಮಾತು.

ಈ ಪದ್ಧತಿ ಶುರು ಮಾಡಿದ್ದು ಯಾರು?

ಬ್ರ್ಯಾಂಚ್ ರಿಕಿ. 1920ರ ಆಸುಪಾಸಿನಲ್ಲಿ ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ನೋಡಿಕೊಳ್ಳುತ್ತಿದ್ದರು. ತಂಡದ ಹತ್ತಿರ ದುಡ್ಡಿರಲಿಲ್ಲ. ಆಗ ಮೈನರ್ ಲೀಗ್ ತಂಡಗಳು ಸ್ವತಂತ್ರವಾಗಿದ್ದವು. ಒಳ್ಳೆಯ ಹುಡುಗನನ್ನು ಬೆಳೆಸಿ ಜಾಸ್ತಿ ಕೊಟ್ಟವರಿಗೆ ಮಾರುತ್ತಿದ್ದವು. ರಿಕಿ ಒಬ್ಬ ಆಟಗಾರನನ್ನು ಗುರುತಿಸಿದರೆ ಸಾಕು, ಶ್ರೀಮಂತ ತಂಡಗಳು ಅವರಿಗಿಂತ ಜಾಸ್ತಿ ಕೊಟ್ಟು ಹಾರಿಸಿಕೊಂಡು ಹೋಗುತ್ತಿದ್ದವು. ಕೊಂಡುಕೊಳ್ಳಲು ಆಗದಿದ್ದರೆ ನಾವೇ ಬೆಳೆಸೋಣ ಅಂತ ಅವರು ತೀರ್ಮಾನಿಸಿದರು. ಹ್ಯೂಸ್ಟನ್, ಫೋರ್ಟ್ ಸ್ಮಿತ್, ಸಿರಕ್ಯೂಸ್ ತಂಡಗಳಲ್ಲಿ ಪಾಲು ಕೊಂಡರು. 1926ರಲ್ಲಿ ಕಾರ್ಡಿನಲ್ಸ್ ಮೊದಲ ಸಲ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆದ್ದಿತು. ಮುಂದೆ ಅವರ ಕೈಕೆಳಗಿನ ತಂಡಗಳು 30 ದಾಟಿದವು.

ಈ ಪದ್ಧತಿಯ ಒಳ್ಳೆಯ ಮುಖ ನೋಡಬೇಕಾದರೆ ಸ್ಟ್ಯಾನ್ ಮ್ಯೂಸಿಯಲ್ ಅವರನ್ನು ನೋಡಬೇಕು. ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಕಾರ್ಖಾನೆ ಊರಿನ ಹುಡುಗ. ಕಾರ್ಡಿನಲ್ಸ್ ಅವನನ್ನು ತಗೊಂಡಿದ್ದು ಪಿಚರ್ ಅಂತ. 1940ರಲ್ಲಿ ಡೇಟೋನಾ ಬೀಚ್ ತಂಡಕ್ಕೆ ಆಡುವಾಗ ಕ್ಯಾಚ್ ಹಿಡಿಯಲು ಹಾರಿ ಎಡ ಭುಜದ ಮೇಲೆ ಬಿದ್ದ. ಎಸೆಯುವ ಕೈ ಅದೇ. ಪಿಚಿಂಗ್ ಕಥೆ ಅಲ್ಲಿಗೆ ಮುಗಿಯಿತು. ಆದರೆ ಅದು ಮೈನರ್ ಲೀಗ್, ಇನ್ನೊಂದು ದಾರಿ ಹುಡುಕಲು ಸಮಯ ಇತ್ತು. ಬ್ಯಾಟಿಂಗ್ ಮೇಲೇ ಗಮನ ಇಟ್ಟ. 1941ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಬಂದ. ನಿವೃತ್ತಿಯ ಹೊತ್ತಿಗೆ ಅವರ ಹಿಟ್‌ಗಳು (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು) 3,630.

ಹುಡುಗರು ಎಲ್ಲಿಂದ ಬರುತ್ತಾರೆ?

ಎರಡು ದಾರಿ. ಅಮೆರಿಕ, ಕೆನಡಾ, ಪೋರ್ಟೊ ರಿಕೋದವರು ಡ್ರಾಫ್ಟ್ ಮೂಲಕ, ಅಂದರೆ ಕ್ಲಬ್‌ಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿಯ ಮೂಲಕ ಬರುತ್ತಾರೆ. ಇದು 1965ರಲ್ಲಿ ಶುರುವಾಯಿತು. ಈಗ ಪ್ರತಿ ಜುಲೈನಲ್ಲಿ 20 ಸುತ್ತು ನಡೆಯುತ್ತದೆ. ಬೇರೆ ದೇಶದವರನ್ನು ನೇರವಾಗಿ ಒಪ್ಪಂದ ಮಾಡಿ ಸೇರಿಸಿಕೊಳ್ಳುತ್ತಾರೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯ ಹುಡುಗರು 16ನೇ ವಯಸ್ಸಿಗೇ ಸಹಿ ಹಾಕುತ್ತಾರೆ.

ಆರಿಸುವವರ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. 1988ರಲ್ಲಿ ಮೈಕ್ ಪಿಯಾಜಾ ಅವರನ್ನು ಆರಿಸಿದ್ದು 62ನೇ ಸುತ್ತಿನಲ್ಲಿ. 2016ರಲ್ಲಿ ಅವರು ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮುಂದೆ ದೊಡ್ಡ ಹೆಸರು ಮಾಡಿದ ಆಲ್ಬರ್ಟ್ ಪೂಹೋಲ್ಸ್ ಅವರದ್ದು 13ನೇ ಸುತ್ತು. ವೆನೆಜುವೆಲಾದ ಹೊಸೆ ಆಲ್ಟುವೆ ಅವರನ್ನು ತುಂಬ ಕುಳ್ಳ ಅಂತ ಆಯ್ಕೆ ಶಿಬಿರದಿಂದ ಮನೆಗೆ ಕಳಿಸಿದ್ದರು. ಮಾರನೇ ದಿನ ಮತ್ತೆ ಬಂದು ನಿಂತರು. ಹ್ಯೂಸ್ಟನ್ ಆಸ್ಟ್ರೋಸ್ ಬರೀ 15,000 ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. 2017ರಲ್ಲಿ ಅವರು ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ. ಹದಿನಾರರ ಹುಡುಗ ಇಪ್ಪತ್ತೈದಕ್ಕೆ ಹೇಗಿರುತ್ತಾನೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಇಷ್ಟೊಂದು ಜನರನ್ನು ತಗೊಂಡು, ಇಷ್ಟೊಂದು ವರ್ಷ ಕಾಯುತ್ತಾರೆ.

ಹೈಸ್ಕೂಲ್ ಮುಗಿದ ಕೂಡಲೇ ಸೇರುವುದು ಒಳ್ಳೆಯದಾ, ಕಾಲೇಜು ಮುಗಿಸುವುದಾ?

ದೊಡ್ಡ ಮೊತ್ತ ಸಿಕ್ಕರೆ 18ಕ್ಕೇ ಸೇರಬಹುದು. ಇಲ್ಲದಿದ್ದರೆ ಕಾಲೇಜೇ ವಾಸಿ ಅಂತ ನನ್ನ ಅಭಿಪ್ರಾಯ. ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರು ವರ್ಷ ಮುಗಿಯುವವರೆಗೆ ಅಥವಾ 21 ಆಗುವವರೆಗೆ ಮತ್ತೆ ಡ್ರಾಫ್ಟ್‌ಗೆ ಬರುವಂತಿಲ್ಲ. ಆದರೆ ಆ ಮೂರು ವರ್ಷದಲ್ಲಿ ಮೈ ಗಟ್ಟಿಯಾಗುತ್ತದೆ, ಓದೂ ಆಗುತ್ತದೆ. ಪಾಲ್ ಸ್ಕೀನ್ಸ್ ಕಾಲೇಜಿನಲ್ಲಿ ಆಡಿ 2023ರ ಜುಲೈನಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. 2024ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಎಸೆಯುತ್ತಿದ್ದರು. ಹತ್ತೇ ತಿಂಗಳು. ಎಲ್ಲರೂ ಹಾಗೆ ಅಂತ ಅಂದುಕೊಳ್ಳಬೇಡಿ, ಅಂಥವರು ಅಪರೂಪ.

ಒಂದೊಂದು ಹಂತದಲ್ಲಿ ಏನು ವ್ಯತ್ಯಾಸ?

ಕಾಂಪ್ಲೆಕ್ಸ್ ಲೀಗ್‌ನಲ್ಲಿ ಮನೆ ಬಿಟ್ಟು ಬದುಕುವುದನ್ನೇ ಕಲಿಯಬೇಕು. ಸಿಂಗಲ್-ಎ, ಹೈ-ಎ ಹಂತದಲ್ಲಿ ತಲಾ 132 ಪಂದ್ಯ. ಶಾಲೆಯಲ್ಲಿ ವಾರಕ್ಕೆ ಎರಡೋ ಮೂರೋ ಪಂದ್ಯ ಆಡುತ್ತಿದ್ದವನು ಈಗ ವಾರಕ್ಕೆ ಆರು ದಿನ ಆಡುತ್ತಾನೆ. ಜುಲೈ ಹೊತ್ತಿಗೆ ಕಾಲು ಎಳೆಯತೊಡಗುತ್ತದೆ. ಆ ದಣಿವನ್ನು ನಿಭಾಯಿಸುವುದೇ ಅಲ್ಲಿಯ ಪಾಠ.

ನಿಜವಾದ ಪರೀಕ್ಷೆ ಡಬಲ್-ಎ. ಕೆಳಗಿನ ಹಂತದಲ್ಲಿ ಪಿಚರ್ ವೇಗವಾಗಿ ಎಸೆಯುತ್ತಾನೆ, ಆದರೆ ಗುರಿ ಇರುವುದಿಲ್ಲ. ಬ್ಯಾಟರ್ ಸುಮ್ನೆ ಕಾದರೆ ನೇರ ಚೆಂಡು ಬಂದೇ ಬರುತ್ತದೆ. ಡಬಲ್-ಎಯಲ್ಲಿ ಹಾಗಿಲ್ಲ. ಬಾಲ್ (ಗುರಿ ತಪ್ಪಿದ ಎಸೆತ), ಸ್ಟ್ರೈಕ್ (ಗುರಿಗೆ ಬಿದ್ದ ಅಥವಾ ಬ್ಯಾಟಿಗೆ ಸಿಗದ ಎಸೆತ) ಲೆಕ್ಕದಲ್ಲಿ ಬ್ಯಾಟರ್ ಹಿಂದೆ ಬಿದ್ದಾಗಲೂ, ಮುಂದೆ ಇದ್ದಾಗಲೂ ಪಿಚರ್ ಬಾಗುವ ಚೆಂಡನ್ನು ಬೇಕಾದ ಜಾಗಕ್ಕೇ ಹಾಕುತ್ತಾನೆ. ಬರೀ ತೋಳುಬಲದಿಂದ ಬಂದವರು ಇಲ್ಲಿ ನಿಂತುಬಿಡುತ್ತಾರೆ. 1994ರಲ್ಲಿ ಬ್ಯಾಸ್ಕೆಟ್‌ಬಾಲ್ ಬಿಟ್ಟು ಬಂದ ಮೈಕಲ್ ಜೋರ್ಡನ್ ಆಡಿದ್ದು ಇದೇ ಹಂತದ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್‌ಗೆ. ಅವರ ಸರಾಸರಿ .202. ಅಂದರೆ ಐದು ಸಲಕ್ಕೆ ಒಂದೇ ಹಿಟ್. ಜನ ಆಗ ನಕ್ಕರು. ಶಾಲೆ ಬಿಟ್ಟ ಮೇಲೆ ಬ್ಯಾಟನ್ನೇ ಹಿಡಿಯದವನು ಡಬಲ್-ಎಯಲ್ಲಿ ಅಷ್ಟು ಹೊಡೆದದ್ದು ಸಣ್ಣ ಮಾತಲ್ಲ ಅಂತ ನನಗನ್ನಿಸುತ್ತದೆ.

ಟ್ರಿಪಲ್-ಎಯಲ್ಲಿ 150 ಪಂದ್ಯ. ಅಲ್ಲಿ ಹುಡುಗರ ಜೊತೆಗೆ ಮೂವತ್ತು ದಾಟಿದವರೂ ಇರುತ್ತಾರೆ. ಮೇಲೆ ಹೋಗಿ ಬಂದವರು, ಮತ್ತೆ ಹೋಗಲು ಕಾಯುತ್ತಿರುವವರು. ಎಲ್ಲರೂ ಎಲ್ಲ ಮೆಟ್ಟಿಲನ್ನೂ ಹತ್ತಬೇಕು ಅಂತೇನಿಲ್ಲ. ಹುವಾನ್ ಸೋಟೊ 2018ರಲ್ಲಿ ಸಿಂಗಲ್-ಎಯಲ್ಲಿ ಶುರು ಮಾಡಿ, ಹೈ-ಎ, ಡಬಲ್-ಎ ದಾಟಿ, ಟ್ರಿಪಲ್-ಎ ಮುಟ್ಟದೆ ಮೇ ತಿಂಗಳಲ್ಲೇ ವಾಷಿಂಗ್ಟನ್ ತಲುಪಿದರು. ಆಗ ಅವರಿಗೆ 19 ವರ್ಷ.

ಒಂದು ದಿನ ಹೇಗಿರುತ್ತದೆ?

ಪಂದ್ಯ ಸಂಜೆ ಏಳಕ್ಕಿದ್ದರೆ ಹುಡುಗರು ಮಧ್ಯಾಹ್ನ ಒಂದು, ಎರಡಕ್ಕೆ ಮೈದಾನದಲ್ಲಿರುತ್ತಾರೆ. ಮೊದಲು ಜಿಮ್. ಆಮೇಲೆ ಒಬ್ಬೊಬ್ಬರ ದೌರ್ಬಲ್ಯಕ್ಕೆ ತಕ್ಕ ಪ್ರತ್ಯೇಕ ಅಭ್ಯಾಸ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡಿಂಗ್ ಜಾಗ) ಆಡುವವನು ಎಡಕ್ಕೆ ಚುರುಕು, ಬಲಕ್ಕೆ ನಿಧಾನ ಅಂದರೆ ಕೋಚ್ ಮಂಡಿಯೂರಿ ಕೂತು ಅವನ ಬಲಗಡೆಗೇ ಚೆಂಡು ಉರುಳಿಸುತ್ತಿರುತ್ತಾನೆ. ನಂತರ ಬ್ಯಾಟಿಂಗ್ ಅಭ್ಯಾಸ, ಎದುರಾಳಿ ಪಿಚರ್‌ನ ವಿಡಿಯೊ, ಊಟ, ಪಂದ್ಯ. ಮನೆ ಸೇರುವಾಗ ರಾತ್ರಿ ಹನ್ನೊಂದು.

2021ರಿಂದ ಒಂದೇ ಎದುರಾಳಿಯ ಜೊತೆ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ ಆಡುವ ಪದ್ಧತಿ ಬಂದಿದೆ. ಸೋಮವಾರ ರಜೆ. ಇದರಿಂದ ರಾತ್ರಿಯಿಡೀ ಬಸ್‌ನಲ್ಲಿ ಕೂತು ಹೋಗುವುದು ಬಹಳ ಕಡಿಮೆಯಾಯಿತು. ಅದಕ್ಕೂ ಮುಂಚೆ ಮೂರ್ನಾಲ್ಕು ದಿನಕ್ಕೊಮ್ಮೆ ಊರು ಬದಲಾಗುತ್ತಿತ್ತು. ಬಸ್‌ನ ಸೀಟುಗಳ ನಡುವೆ ನೆಲದ ಮೇಲೆ ಮಲಗಿ, ಬೆಳಿಗ್ಗೆ ಇಳಿದು, ಸಂಜೆ ಆಡಬೇಕಿತ್ತು.

ತಂಡ ಸೋಲುತ್ತಿದ್ದರೂ ಮ್ಯಾನೇಜರ್ ಒಳ್ಳೆಯ ಪಿಚರ್‌ನನ್ನು ಯಾಕೆ ತೆಗೆಯುತ್ತಾರೆ?

ಹೊಸಬರಿಗೆ ಅತಿ ವಿಚಿತ್ರ ಅನ್ನಿಸುವುದು ಇದೇ. ನಾಲ್ಕು ಇನ್ನಿಂಗ್ಸ್ ಚೆನ್ನಾಗಿ ಎಸೆದವನನ್ನು ಇದ್ದಕ್ಕಿದ್ದಂತೆ ತೆಗೆದುಬಿಡುತ್ತಾರೆ. ಅವನು ಆ ದಿನ ಎಷ್ಟು ಚೆಂಡು ಎಸೆಯಬೇಕು ಅಂತ ಮೇಲಿನ ಕ್ಲಬ್ ಮೊದಲೇ ಹೇಳಿರುತ್ತದೆ. ಲೆಕ್ಕ ಮುಗಿಯಿತು, ಅವನ ಕೆಲಸ ಮುಗಿಯಿತು.

ಇನ್ನೂ ಹತ್ತಿರದಿಂದ ನೋಡಿ. ಇಪ್ಪತ್ತು ವರ್ಷದ ಒಬ್ಬ ಪಿಚರ್. ವೇಗದ ಚೆಂಡು ಗಂಟೆಗೆ 96 ಮೈಲು. ಸಿಂಗಲ್-ಎಯಲ್ಲಿ ಅದೊಂದೇ ಸಾಕು, ಯಾರೂ ಮುಟ್ಟುವುದಿಲ್ಲ. ಆದರೆ ಮೇಲೆ ಹೋದರೆ ಅದನ್ನು ಹೊಡೆಯುವವರು ಎಲ್ಲ ಕಡೆ ಇದ್ದಾರೆ. ಅದಕ್ಕೆ ಚೇಂಜಪ್ ಕಲಿಯಬೇಕು. ತೋಳು ಅದೇ ವೇಗದಲ್ಲಿ ಬರಬೇಕು, ಚೆಂಡು ಮಾತ್ರ ಎಂಟು ಹತ್ತು ಮೈಲು ನಿಧಾನವಾಗಬೇಕು. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯದೆ ಅಂಗೈಗೆ ತಳ್ಳಿ ಹಿಡಿಯಬೇಕು. ಮೊದಮೊದಲು ಕೈ ತಾನಾಗಿ ನಿಧಾನವಾಗುತ್ತದೆ, ಬ್ಯಾಟರ್‌ಗೆ ಗೊತ್ತಾಗಿಬಿಡುತ್ತದೆ. ಕೋಚ್ ಹೇಳುತ್ತಾರೆ: ಇವತ್ತು ಹದಿನೈದು ಚೇಂಜಪ್ ಎಸೆಯಲೇಬೇಕು, ಬಾಲ್ ಸ್ಟ್ರೈಕ್ ಲೆಕ್ಕ ಏನೇ ಇರಲಿ. ಮೂರು ಬಾಲ್, ಒಂದು ಸ್ಟ್ರೈಕ್ ಆಗಿದೆ, ಎರಡು ಬೇಸ್‌ನಲ್ಲಿ ಓಟಗಾರರಿದ್ದಾರೆ. ವೇಗದ ಚೆಂಡು ಹಾಕಿದರೆ ಔಟ್ ಆಗಬಹುದು. ಹುಡುಗ ಚೇಂಜಪ್ ಹಾಕುತ್ತಾನೆ. ಅದು ಎತ್ತರದಲ್ಲೇ ನಿಂತು ಬರುತ್ತದೆ. ಬೇಲಿಯಾಚೆ ಹೋಗುತ್ತದೆ. ಮೂರು ರನ್.

ಸ್ಕೋರ್‌ಬೋರ್ಡ್ ನೋಡಿದವರಿಗೆ ಅವನು ಸೋತ. ಡಗೌಟ್‌ಗೆ ಬಂದಾಗ ಕೋಚ್ ಕೇಳುವುದು ಬೇರೆ: ತೋಳಿನ ವೇಗ ಸರಿಯಿತ್ತಾ? ಇತ್ತು ಅಂದರೆ ಆ ದಿನದ ಕೆಲಸ ಆಯಿತು. ಈ ಸೋಲನ್ನು ಸಹಿಸುವ ಜಾಗ ಇನ್ನೆಲ್ಲೂ ಇಲ್ಲ. ಮೇಜರ್ ಲೀಗ್‌ನಲ್ಲಿ ಅದೇ ಚೆಂಡು ಹಾಕಿದರೆ ನಲವತ್ತು ಸಾವಿರ ಜನ ಬೈಯುತ್ತಾರೆ. ನನ್ನ ದೃಷ್ಟಿಯಲ್ಲಿ ಮೈನರ್ ಲೀಗ್‌ನ ಅತಿ ದೊಡ್ಡ ಬೆಲೆ ಇದೇ: ಸೋಲಲು ಸಿಗುವ ಅವಕಾಶ.

ಪಿಚರ್‌ಗಳ ಕೈ ಯಾಕೆ ಇಷ್ಟು ಸಲ ಕೆಡುತ್ತದೆ?

ಮೊಣಕೈಯ ಒಳಗಡೆಯ ಒಂದು ಚಿಕ್ಕ ಅಸ್ಥಿರಜ್ಜು ಹರಿಯುತ್ತದೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸಿದರು. ಟಾಮಿ ಜಾನ್ 1976ರಲ್ಲಿ ವಾಪಸ್ ಬಂದು 1989ರವರೆಗೆ ಆಡಿದರು. ಆ ಶಸ್ತ್ರಚಿಕಿತ್ಸೆಗೆ ಅವರದ್ದೇ ಹೆಸರು ಉಳಿದಿದೆ. ಈಗ ಅದು ಎಷ್ಟು ಸಾಮಾನ್ಯ ಅಂದರೆ ಹದಿಹರೆಯದ ಹುಡುಗರಿಗೂ ಮಾಡುತ್ತಾರೆ. ಚೇತರಿಕೆಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕು.

ಮೇಜರ್ ಲೀಗ್ 2024ರ ಡಿಸೆಂಬರ್‌ನಲ್ಲಿ ತಾನೇ ಒಂದು ವರದಿ ಹೊರಡಿಸಿತು. ಪ್ರತಿ ಚೆಂಡನ್ನೂ ಪೂರ್ತಿ ಬಲ ಹಾಕಿ ಎಸೆಯುವುದು, ವೇಗಕ್ಕಾಗಿ ಹಪಹಪಿಸುವುದು ಮುಖ್ಯ ಕಾರಣ ಅಂತ ಅದರಲ್ಲಿದೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಹುಡುಗನನ್ನು ಆರಿಸುವಾಗ ವೇಗದ ಗನ್ ಹಿಡಿದು ನಿಲ್ಲುತ್ತಾರೆ. ಹೀಗಿರುವಾಗ ಹದಿನೈದರ ಹುಡುಗ ನಿಧಾನವಾಗಿ ಎಸೆಯಲಿ ಅಂದರೆ ಹೇಗೆ? ಚೆಂಡಿನ ಲೆಕ್ಕ, ನಡುವೆ ಐದಾರು ದಿನದ ವಿಶ್ರಾಂತಿ ಎಲ್ಲ ಮೈನರ್ ಲೀಗ್‌ನಲ್ಲಿ ಇದೆ. ಆದರೆ ಆ ಹೊತ್ತಿಗೆ ಎಷ್ಟೋ ಕೈಗಳು ಆಗಲೇ ಸವೆದಿರುತ್ತವೆ.

ಕ್ಯಾಮೆರಾ, ಮೆಷಿನ್ ಬಂದ ಮೇಲೆ ಕೋಚ್‌ಗೆ ಏನು ಕೆಲಸ?

ಟ್ರ್ಯಾಕ್‌ಮನ್, ರಾಪ್ಸೊಡೊ ಥರದ ಯಂತ್ರಗಳು ಚೆಂಡಿನ ವೇಗ, ಸುತ್ತು, ಎಷ್ಟು ಬಾಗಿತು ಎಲ್ಲವನ್ನೂ ಅಳೆಯುತ್ತವೆ. ಎಡ್ಜರ್‌ಟ್ರಾನಿಕ್ ಕ್ಯಾಮೆರಾದಲ್ಲಿ ಯಾವ ಬೆರಳು ಕೊನೆಗೆ ಚೆಂಡು ಬಿಟ್ಟಿತು ಅಂತ ಕಾಣುತ್ತದೆ. ಮುಂಚೆ ಹೊಸ ಸ್ಲೈಡರ್ (ಪಕ್ಕಕ್ಕೆ ಬಾಗುವ ಚೆಂಡು) ಕಲಿಯಲು ಒಂದು ಸೀಸನ್ ಬೇಕಾಗುತ್ತಿತ್ತು. ಈಗ ಹಿಡಿತ ಸ್ವಲ್ಪ ಬದಲಿಸಿ ಎಸೆದರೆ ಆ ಕ್ಷಣವೇ ಪರದೆಯ ಮೇಲೆ ಉತ್ತರ.

ಆದರೂ ಕೋಚ್ ಬೇಕೇ ಬೇಕು. ಯಂತ್ರ ಕೊಡುವುದು ಅಂಕಿ. ಅದನ್ನು ಮೈಗೆ ಅರ್ಥವಾಗುವ ಒಂದು ಮಾತಾಗಿ ಹೇಳಬೇಕಾದವರು ಕೋಚ್. ಒಬ್ಬನಿಗೆ ‘ಬೆರಳು ಚೆಂಡಿನ ಪಕ್ಕಕ್ಕಿರಲಿ’ ಅಂದರೆ ಸಾಕು. ಇನ್ನೊಬ್ಬನಿಗೆ ಅದೇ ಮಾತು ಹೇಳಿದರೆ ಮಣಿಕಟ್ಟು ಬಿಗಿಯಾಗಿ ಇದ್ದದ್ದೂ ಹೋಗುತ್ತದೆ. ಯಾರಿಗೆ ಯಾವ ಮಾತು ಅಂತ ತಿಳಿಯಲು ಅವರ ಜೊತೆ ಇರಬೇಕು, ಊಟ ಮಾಡಬೇಕು, ಬಸ್‌ನಲ್ಲಿ ಕೂರಬೇಕು.

ಮೇಲೆ ಹೋದವನನ್ನು ಮತ್ತೆ ಕೆಳಗೆ ಕಳಿಸಿದರೆ ಅವನ ಕಥೆ ಮುಗಿದಂತಾ?

ಖಂಡಿತ ಅಲ್ಲ. ರಾಯ್ ಹ್ಯಾಲಡೆ ಅವರ ಉದಾಹರಣೆ ಎಲ್ಲ ಹುಡುಗರಿಗೂ ಗೊತ್ತಿರಬೇಕು.

1995ರಲ್ಲಿ ಟೊರಾಂಟೊ ಬ್ಲೂ ಜೇಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿತು. 1998ರಲ್ಲಿ ತಮ್ಮ ಎರಡನೇ ಪಂದ್ಯದಲ್ಲೇ ಒಂದೂ ಹಿಟ್ ಕೊಡದೆ ಒಂಬತ್ತನೇ ಇನ್ನಿಂಗ್ಸ್‌ನ ಕೊನೆಯ ಔಟ್‌ವರೆಗೂ ಬಂದಿದ್ದರು. 2000ದಲ್ಲಿ ಎಲ್ಲ ಕುಸಿಯಿತು. ಅವರ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್, 10.64ಕ್ಕೆ ಹೋಯಿತು. ನಾಲ್ಕರ ಆಸುಪಾಸು ಇದ್ದರೆ ಪರವಾಗಿಲ್ಲ ಅನ್ನುವ ಲೆಕ್ಕ ಅದು. 2001ರ ಶುರುವಿನಲ್ಲಿ ಕ್ಲಬ್ ಅವರನ್ನು ಟ್ರಿಪಲ್-ಎಗೆ ಅಲ್ಲ, ತೀರಾ ಕೆಳಗೆ, ಫ್ಲೋರಿಡಾದ ಡನೀಡಿನ್‌ನಲ್ಲಿದ್ದ ಎ ಹಂತದ ತಂಡಕ್ಕೆ ಕಳಿಸಿತು. ಮೇಜರ್ ಲೀಗ್ ನೋಡಿ ಬಂದವನಿಗೆ ಅದು ಎಂಥ ಅವಮಾನ ಅಲ್ವಾ?

ಅಲ್ಲಿ ಮೆಲ್ ಕ್ವೀನ್ ಎಂಬ ಹಳೆಯ ಕೋಚ್ ಅವರ ಎಸೆತವನ್ನು ಬುಡದಿಂದ ಬದಲಿಸಿದರು. ತಲೆಯ ಮೇಲಿಂದ ನೇರವಾಗಿ ಬರುತ್ತಿದ್ದ ತೋಳನ್ನು ಸ್ವಲ್ಪ ಪಕ್ಕಕ್ಕೆ ಇಳಿಸಿದರು. ನೇರ ಚೆಂಡಿನ ಬದಲು ಕೆಳಕ್ಕೆ ಜಗ್ಗುವ ಚೆಂಡು, ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಚೆಂಡು ಕಲಿಸಿದರು. ಡಬಲ್-ಎ, ಟ್ರಿಪಲ್-ಎ ದಾಟಿ ಅದೇ ವರ್ಷ ಜುಲೈನಲ್ಲಿ ಹ್ಯಾಲಡೆ ಟೊರಾಂಟೊಗೆ ವಾಪಸಾದರು. 2003ರಲ್ಲಿ 22 ಪಂದ್ಯ ಗೆದ್ದು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. 2010ರಲ್ಲಿ ಫಿಲಡೆಲ್ಫಿಯಾಕ್ಕೆ ಆಡುತ್ತಾ 27 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿ ಪರ್ಫೆಕ್ಟ್ ಗೇಮ್ ಎಸೆದರು. 2017ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2019ರಲ್ಲಿ ಅವರ ಹೆಸರು ಹಾಲ್ ಆಫ್ ಫೇಮ್ ಸೇರಿತು.

ಇತ್ತೀಚೆಗೆ ಜಾಕ್ಸನ್ ಹಾಲಿಡೇ. 2022ರ ಡ್ರಾಫ್ಟ್‌ನ ಮೊದಲ ಆಯ್ಕೆ. 2024ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್‌ಗೆ ಬಂದು 34 ಸಲಕ್ಕೆ 2 ಹಿಟ್ ಮಾತ್ರ ಹೊಡೆದರು. ಟ್ರಿಪಲ್-ಎ ತಂಡವಾದ ನಾರ್ಫೋಕ್‌ಗೆ ವಾಪಸ್ ಕಳಿಸಿದರು. ಜುಲೈ 31ಕ್ಕೆ ಮತ್ತೆ ಕರೆಸಿದರು. ಆ ದಿನ ಮೂರೂ ಬೇಸ್ ತುಂಬಿದ್ದಾಗ ಅವರ ಮೊದಲ ಹೋಮ್ ರನ್ ಬಂತು.

ಸಂಬಳ ಎಷ್ಟು?

ಮೊದಲು ಕೇಳಿದರೆ ನಾಚಿಕೆಯಾಗುವಷ್ಟು ಕಡಿಮೆ ಇತ್ತು. 2022ರವರೆಗೆ ಸಿಂಗಲ್-ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 11,000 ಡಾಲರ್. ಡಬಲ್-ಎಗೆ 13,800. ಟ್ರಿಪಲ್-ಎಗೆ 17,500. ಅಮೆರಿಕದಲ್ಲಿ ಇದರಲ್ಲಿ ಬದುಕುವುದು ಆಗದ ಮಾತು. ಒಂದು ಅಪಾರ್ಟ್‌ಮೆಂಟ್‌ನಲ್ಲಿ ಐದಾರು ಜನ ಗಾಳಿ ತುಂಬಿದ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದರು. ರಾತ್ರಿ ಊಟಕ್ಕೆ ಬ್ರೆಡ್ಡಿಗೆ ಪೀನಟ್ ಬಟರ್. ಚಳಿಗಾಲದಲ್ಲಿ ಮೈ ಬೆಳೆಸಿಕೊಳ್ಳಬೇಕಾದ ಹೊತ್ತಲ್ಲಿ ಗೋದಾಮಿನಲ್ಲಿ ಕೆಲಸ. ಕೋಟಿಗಟ್ಟಲೆ ಖರ್ಚು ಮಾಡಿ ಹುಡುಗರನ್ನು ಆರಿಸಿ, ಅವರಿಗೆ ಸರಿಯಾದ ಊಟ ಹಾಕದೆ ಬಿಟ್ಟದ್ದು ಅನ್ಯಾಯವೂ ಹೌದು, ದಡ್ಡತನವೂ ಹೌದು. ನಿದ್ದೆ, ಊಟ ಸರಿ ಇಲ್ಲದವನಿಗೆ ಯಾವ ಕೋಚ್ ಏನು ಕಲಿಸಿಯಾರು?

ಜೈಂಟ್ಸ್ ಕ್ಲಬ್‌ನ ಮೈನರ್ ಲೀಗ್‌ಗಳಲ್ಲಿ ಪಿಚರ್ ಆಗಿದ್ದ ಗ್ಯಾರೆಟ್ ಬ್ರೊಶುಯಿಸ್ ಆಟ ಬಿಟ್ಟು ಕಾನೂನು ಓದಿದರು. ಕನಿಷ್ಠ ವೇತನಕ್ಕಾಗಿ 2014ರಲ್ಲಿ ಹೂಡಿದ ಮೊಕದ್ದಮೆಯ ಹಿಂದೆ ಅವರಿದ್ದರು. 2022ರಲ್ಲಿ ಮೇಜರ್ ಲೀಗ್ 185 ದಶಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. ಅದೇ ವರ್ಷದಿಂದ ಕ್ಲಬ್‌ಗಳೇ ಮನೆ ಕೊಡತೊಡಗಿದವು. ಸೆಪ್ಟೆಂಬರ್‌ನಲ್ಲಿ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘಕ್ಕೆ ಸೇರಿದರು. 2023ರಲ್ಲಿ ಅವರ ಮೊಟ್ಟಮೊದಲ ಸಾಮೂಹಿಕ ಒಪ್ಪಂದವಾಯಿತು. ಕನಿಷ್ಠ ಸಂಬಳ ಸಿಂಗಲ್-ಎಗೆ 26,200, ಹೈ-ಎಗೆ 27,300, ಡಬಲ್-ಎಗೆ 30,250, ಟ್ರಿಪಲ್-ಎಗೆ 35,800 ಡಾಲರ್ ಆಯಿತು. ಇದೂ ದೊಡ್ಡ ಮೊತ್ತ ಅಲ್ಲ. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ಆದರೂ ಹುಡುಗರು ಈಗ ಹೊಟ್ಟೆ ತುಂಬ ತಿಂದು, ಹಾಸಿಗೆಯಲ್ಲಿ ಮಲಗುತ್ತಾರೆ.

ಎಷ್ಟು ಜನ ಮೇಲೆ ಹೋಗುತ್ತಾರೆ?

ಲೆಕ್ಕ ನೀವೇ ಹಾಕಿ. ಮೇಜರ್ ಲೀಗ್‌ನಲ್ಲಿ ತಂಡಕ್ಕೆ 26 ಜಾಗ, 30 ತಂಡ. ಒಟ್ಟು 780. ಡೊಮಿನಿಕನ್ ಹುಡುಗರನ್ನು ಬಿಟ್ಟು, ಅಮೆರಿಕದೊಳಗೆ ಮೈನರ್ ಲೀಗ್‌ನಲ್ಲಿ ಒಂದು ಕ್ಲಬ್ 165 ಜನರವರೆಗೆ ಇಟ್ಟುಕೊಳ್ಳಬಹುದು. ಅಂದರೆ ಸುಮಾರು 4,950. ಮೇಲಿರುವ 780 ಜನ ವರ್ಷವರ್ಷ ಜಾಗ ಖಾಲಿ ಮಾಡುವುದೂ ಇಲ್ಲ. ಬಹುಪಾಲು ಹುಡುಗರು ಒಂದು ದಿನವೂ ಅಲ್ಲಿಗೆ ಕಾಲಿಡುವುದಿಲ್ಲ.

ಕ್ಲಬ್ ಸುಮ್ನೆ ಕೂರಿಸಿಕೊಂಡರೆ ಹುಡುಗ ಏನು ಮಾಡಬೇಕು?

ಅದಕ್ಕೆ ರೂಲ್ 5 ಡ್ರಾಫ್ಟ್ ಇದೆ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸೇರಿದವನನ್ನು ಐದು ಸೀಸನ್ ಒಳಗೆ, ದೊಡ್ಡವನಾಗಿ ಸೇರಿದವನನ್ನು ನಾಲ್ಕು ಸೀಸನ್ ಒಳಗೆ ಕ್ಲಬ್ ತನ್ನ 40 ಜನರ ಪಟ್ಟಿಗೆ (ಮೇಜರ್ ಲೀಗ್‌ನಲ್ಲಿ ಆಡುವ 26 ಜನ ಇದರೊಳಗಿನವರು) ಸೇರಿಸಬೇಕು. ಸೇರಿಸದಿದ್ದರೆ ಡಿಸೆಂಬರ್‌ನಲ್ಲಿ ಬೇರೆ ಕ್ಲಬ್ 1,00,000 ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಆದರೆ ಮುಂದಿನ ಇಡೀ ವರ್ಷ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. 1954ರಲ್ಲಿ ಡಾಡ್ಜರ್ಸ್ ತನ್ನ ಮೈನರ್ ಲೀಗ್ ತಂಡವಾದ ಮಾಂಟ್ರಿಯಲ್‌ನಲ್ಲಿ ಇಟ್ಟಿದ್ದ ಒಬ್ಬ ಪೋರ್ಟೊ ರಿಕೋ ಹುಡುಗನನ್ನು ಪಿಟ್ಸ್‌ಬರ್ಗ್ ಹೀಗೇ ಎತ್ತಿಕೊಂಡಿತು. ಅವನ ಹೆಸರು ರೊಬರ್ಟೊ ಕ್ಲೆಮೆಂಟೆ. ಮುಂದೆ ಸರಿಯಾಗಿ 3,000 ಹಿಟ್ ಹೊಡೆದ ಮಹಾನ್ ಆಟಗಾರ.

ಡೊಮಿನಿಕನ್ ರಿಪಬ್ಲಿಕ್‌ನ ಅಕಾಡೆಮಿಗಳಲ್ಲಿ ಏನು ನಡೆಯುತ್ತದೆ?

ಎಲ್ಲ 30 ಕ್ಲಬ್‌ಗಳೂ ಅಲ್ಲಿ ಅಕಾಡೆಮಿ ನಡೆಸುತ್ತವೆ. ಎಷ್ಟೋ ಅಕಾಡೆಮಿಗಳು ರಾಜಧಾನಿ ಸಾಂಟೊ ಡೊಮಿಂಗೊ ಹತ್ತಿರದ ಬೋಕಾ ಚಿಕಾ ಕಡೆ ಇವೆ. ಹಾಸ್ಟೆಲ್, ಮೈದಾನ, ಮೂರು ಹೊತ್ತು ಊಟ, ಮಧ್ಯಾಹ್ನ ಇಂಗ್ಲಿಷ್ ಪಾಠ. ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಅದನ್ನು ಮುಗಿಸಲು ಅವಕಾಶ. ಮುಂಚೆ ಭಾಷೆ ಬಾರದೆ ಅಮೆರಿಕಕ್ಕೆ ಬಂದ ಹುಡುಗರು ಮೆನುವಿನ ಚಿತ್ರ ತೋರಿಸಿ ತರಿಸಿಕೊಂಡದ್ದನ್ನೇ ತಿಂಗಳುಗಟ್ಟಲೆ ತಿನ್ನುತ್ತಿದ್ದರು. ಕೋಚ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು, ಅರ್ಥವಾಗದಿದ್ದರೂ. ಇಂಗ್ಲಿಷ್ ಪಾಠ ಬ್ಯಾಟಿಂಗ್ ಪಾಠದಷ್ಟೇ ಮುಖ್ಯ ಅಂತ ಕ್ಲಬ್‌ಗಳಿಗೆ ತಿಳಿಯಲು ದಶಕಗಳೇ ಹಿಡಿದವು.

ಕರಾಳ ಮುಖವೂ ಇದೆ. ಸಹಿ 16ಕ್ಕೆ ಅಂತ ನಿಯಮ ಇದ್ದರೂ ಬಾಯಿಮಾತಿನ ಒಪ್ಪಂದ ಹದಿಮೂರು, ಹದಿನಾಲ್ಕಕ್ಕೇ ಆಗುತ್ತದೆ. ಬುಸ್ಕೋನ್ ಅನ್ನುವ ಸ್ಥಳೀಯ ತರಬೇತುದಾರರು ಮಕ್ಕಳನ್ನು ಶಾಲೆ ಬಿಡಿಸಿ ಸಾಕುತ್ತಾರೆ, ಸಹಿ ಹಾಕಿದಾಗ ದೊಡ್ಡ ಪಾಲು ತಗೊಳ್ಳುತ್ತಾರೆ. ಬೇಗ ದಪ್ಪಗಾಗಲಿ ಅಂತ ಔಷಧಿ ಕೊಟ್ಟ ಪ್ರಕರಣಗಳೂ ಇವೆ. ಕ್ಲಬ್ ಕೊನೆ ಗಳಿಗೆಯಲ್ಲಿ ಮಾತು ಬದಲಿಸಿದರೆ ಹುಡುಗ ಬೀದಿಗೆ ಬೀಳುತ್ತಾನೆ. ಇದಕ್ಕೆ ಮೇಜರ್ ಲೀಗ್ ಇನ್ನೂ ಗಟ್ಟಿ ಮದ್ದು ಕಂಡುಕೊಂಡಿಲ್ಲ.

ಭಾರತದಿಂದ ಯಾರಾದರೂ ಹೋಗಿದ್ದಾರಾ?

ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್ ಎಸೆಯುವವರು. ಇಲ್ಲಿ ಹೇಳುತ್ತಿರುವ ರಿಂಕು ಸಿಂಗ್ ಕ್ರಿಕೆಟಿಗ ಅಲ್ಲ, ಬೇರೆಯವರು. 2008ರಲ್ಲಿ ವೇಗವಾಗಿ, ಗುರಿಯಿಟ್ಟು ಎಸೆಯುವವರನ್ನು ಹುಡುಕಲು ಭಾರತದಲ್ಲಿ ಒಂದು ಟಿವಿ ಸ್ಪರ್ಧೆ ನಡೆಯಿತು. ರಿಂಕು ಗೆದ್ದರು, ದಿನೇಶ್ ಎರಡನೆಯವರಾದರು. ಅಲ್ಲಿಯವರೆಗೆ ಇಬ್ಬರೂ ಬೇಸ್‌ಬಾಲ್ ಆಡಿದವರೇ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ಟಾಮ್ ಹೌಸ್ ಎಂಬ ಹೆಸರಾಂತ ಪಿಚಿಂಗ್ ಕೋಚ್ ಕೆಲವು ತಿಂಗಳು ಕಲಿಸಿದರು. ಅದೇ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಗೂ ಸಹಿ ಹಾಕಿಸಿಕೊಂಡಿತು. 2009ರ ಜುಲೈನಲ್ಲಿ ಫ್ಲೋರಿಡಾದಲ್ಲಿ ರಿಂಕು ಒಂದು ಪಂದ್ಯ ಗೆದ್ದ ಪಿಚರ್ ಆದರು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಭಾರತೀಯನೊಬ್ಬನಿಗೆ ಸಿಕ್ಕ ಮೊದಲ ಗೆಲುವು ಅದು.

ದಿನೇಶ್ ಅವರನ್ನು 2010ರಲ್ಲಿ ಬಿಟ್ಟರು. ರಿಂಕು 2011ರಲ್ಲಿ ಸಿಂಗಲ್-ಎ ಹಂತದ ವೆಸ್ಟ್ ವರ್ಜೀನಿಯಾ ತಂಡದವರೆಗೆ ಹೋದರು. ಆಮೇಲೆ ಮೊಣಕೈ ಕೈಕೊಟ್ಟಿತು. ಮುಂದೆ ಕುಸ್ತಿ ಮನರಂಜನೆಯ ಡಬ್ಲ್ಯುಡಬ್ಲ್ಯುಇ ಸೇರಿದರು. ಇವರ ಬಗ್ಗೆ ಮಾತಾಡುವಾಗ ಕೆಲವರು ಅದೊಂದು ಪ್ರಚಾರದ ಆಟ ಅನ್ನುತ್ತಾರೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಮೊದಲ ಸಲ ಚೆಂಡು ಹಿಡಿದು, ಆರೇಳು ವರ್ಷದಿಂದಲೇ ಆಡಿ ಬೆಳೆದವರ ಎದುರು ನಿಂತು ಔಟ್ ಮಾಡಿದರಲ್ಲ, ಅದು ಪ್ರಚಾರದಿಂದ ಆಗುವ ಕೆಲಸ ಅಲ್ಲ.

ಕೈಬಿಟ್ಟ ಹುಡುಗರು ಏನಾಗುತ್ತಾರೆ?

ಹೆಚ್ಚಿನವರಿಗೆ ಸುದ್ದಿ ಬರುವುದು ಮಾರ್ಚ್ ಕೊನೆಯಲ್ಲಿ, ತರಬೇತಿ ಶಿಬಿರ ಮುಗಿಯುವ ಹೊತ್ತಿಗೆ. ಕೆಲವರು ಅಟ್ಲಾಂಟಿಕ್ ಲೀಗ್, ಫ್ರಾಂಟಿಯರ್ ಲೀಗ್ ಥರದ ಸ್ವತಂತ್ರ ಲೀಗ್‌ಗಳಿಗೆ ಹೋಗುತ್ತಾರೆ. ಕೆಲವರು ಮೆಕ್ಸಿಕೊಗೆ. ಡ್ರಾಫ್ಟ್ ವೇಳೆಯ ಒಪ್ಪಂದದಲ್ಲೇ ಕಾಲೇಜು ಖರ್ಚು ಬರೆಸಿಕೊಂಡವರು ಓದಲು ಹೋಗುತ್ತಾರೆ. ಹೈಸ್ಕೂಲ್ ಹುಡುಗರ ಅಪ್ಪ ಅಮ್ಮ ಈ ಅಂಶವನ್ನು ಬೋನಸ್‌ಗಿಂತ ಮೊದಲು ನೋಡಬೇಕು.

ಕೋಚ್ ಆಗುವವರೂ ಇದ್ದಾರೆ. ಜಿಮ್ ಲೇಲ್ಯಾಂಡ್ ಆಟಗಾರನಾಗಿ ಡಬಲ್-ಎ ದಾಟಲಿಲ್ಲ. ಮ್ಯಾನೇಜರ್ ಆಗಿ 1997ರಲ್ಲಿ ಫ್ಲೋರಿಡಾ ಮಾರ್ಲಿನ್ಸ್‌ಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು, 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 2016ರಲ್ಲಿ ಶಿಕಾಗೊ ಕಬ್ಸ್‌ಗೆ 108 ವರ್ಷದ ನಂತರ ಕಪ್ ತಂದುಕೊಟ್ಟ ಜೋ ಮ್ಯಾಡನ್ ಕೂಡ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ.

ಅಮೆರಿಕದಲ್ಲಿರುವ ನಾವು ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂದರೆ ಎಲ್ಲಿಗೆ ಹೋಗಬೇಕು?

ನಮ್ಮವರು ಜಾಸ್ತಿ ಇರುವ ಕಡೆಗಳಲ್ಲೇ ತಂಡಗಳಿವೆ. ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವವರು ಅದೇ ಊರಿನ ಸಾಮರ್‌ಸೆಟ್ ಪೇಟ್ರಿಯಟ್ಸ್ ಆಟ ನೋಡಬಹುದು. ಅದು ಯಾಂಕೀಸ್‌ನ ಡಬಲ್-ಎ ತಂಡ. ಡಲ್ಲಾಸ್ ಕಡೆಯವರಿಗೆ ಫ್ರಿಸ್ಕೊ ರಫ್‌ರೈಡರ್ಸ್, ಅದೂ ಡಬಲ್-ಎ. ಸ್ಯಾನ್ ಹೋಸೆಯಲ್ಲಿ ಜೈಂಟ್ಸ್‌ನ ಸಿಂಗಲ್-ಎ ತಂಡ. ರಾಲಿ, ಕ್ಯಾರಿ ಕಡೆಯವರಿಗೆ ಡರ್ಹ್ಯಾಮ್ ಬುಲ್ಸ್, ಟ್ರಿಪಲ್-ಎ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಇರುತ್ತದೆ. ಮೇಜರ್ ಲೀಗ್‌ಗೆ ಹೋಲಿಸಿದರೆ ಟಿಕೆಟ್ ತುಂಬ ಅಗ್ಗ.

ಸ್ವಲ್ಪ ಬೇಗ ಹೋಗಿ. ಪಂದ್ಯಕ್ಕೆ ಮುಂಚೆ ಬುಲ್‌ಪೆನ್ (ಪಿಚರ್‌ಗಳು ಎಸೆದು ಮೈ ಬಿಸಿ ಮಾಡಿಕೊಳ್ಳುವ ಜಾಗ) ಹತ್ತಿರ ನಿಂತರೆ ಪಿಚರ್ ಹತ್ತಿಪ್ಪತ್ತು ಅಡಿ ದೂರದಲ್ಲಿ ಎಸೆಯುವುದು ಕಾಣುತ್ತದೆ. ಚೆಂಡು ಕ್ಯಾಚರ್‌ನ ಗ್ಲೋವ್‌ಗೆ ಬೀಳುವ ಸದ್ದು ಕೇಳಿದರೆ ಟಿವಿಯಲ್ಲಿ ವೇಗ ಅಂತ ನೋಡಿದ್ದು ಏನೂ ಅಲ್ಲ ಅನ್ನಿಸುತ್ತದೆ. ಮಕ್ಕಳಿಗೆ ಸಹಿ ಬೇಕಿದ್ದರೆ ಡಗೌಟ್ ಪಕ್ಕದ ಬೇಲಿ ಹತ್ತಿರ ನಿಲ್ಲಿಸಿ, ಹುಡುಗರು ಬಂದು ಹಾಕಿಕೊಡುತ್ತಾರೆ. ಸ್ಪ್ಯಾನಿಷ್ ಮಾತಾಡುವ ಹುಡುಗ ಸಿಕ್ಕರೆ ‘ಗ್ರಾಸಿಯಾಸ್’ ಅನ್ನಲು ಮಕ್ಕಳಿಗೆ ಹೇಳಿಕೊಡಿ. ಅವನು ಮನೆಯಿಂದ ಬಹಳ ದೂರ ಬಂದಿರುತ್ತಾನೆ.